ಔಷಧದಾನ ಮತ್ತು ಅತಿಭಾರಾರೋಪಣ

ಜೈನಾಗಮವು ತಪಸ್ಸನ್ನು ಬಾಹ್ಯ ಮತ್ತು ಅಂತರಂಗ ಎಂದು ವಿಂಗಡಿಸಿ, ಒಂದೊಂದರಲ್ಲಿ ಆರಾರು ಭೇದಗಳನ್ನು ಹೇಳುತ್ತದೆ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಅಂತರಂಗ ತಪಸ್ಸುಗಳು. ರೋಗಿಯ ಸೇವೆಯು ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಸರಿಸಮನಾದ ಸಾಲಿನಲ್ಲಿ ಕುಳಿತಿರುವುದು ಗಮನಿಸತಕ್ಕ ಸಂಗತಿ. ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ತತ್ತ್ವಾರ್ಥಸೂತ್ರವು ಎಣಿಸುವಾಗ ಆಚಾರ್ಯ, ಉಪಾಧ್ಯಾಯ, ತಪಸ್ವಿಗಳೊಡನೆ ಗ್ಲಾನನನ್ನು, ಅಂದರೆ ರೋಗದಿಂದ ಬಳಲಿದವನನ್ನು, ಸೇರಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿಯೇ ಎಣಿಸಿದ್ದಾರೆ. ಆದುದರಿಂದ ಇದು ಮುನಿಸಂಘಕ್ಕೆ ಮಾತ್ರ ಸೀಮಿತವಾದ ಆಚಾರವಲ್ಲ. ಅಂಗಡಿಯಲ್ಲಿ ಕುಳಿತ ಶ್ರಾವಕನಿಗೂ, ಮನೆವಾಳ್ತೆಯ ಶ್ರಾವಕಿಗೂ ಸಂಬಂಧಿಸಿದುದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಗೆ ದಾನಧರ್ಮ ಹೊಸದಲ್ಲ. ತೇರದಾಳದಲ್ಲಿ ಮಾಂಡಲಿಕ ಗೊಂಕನು 12ನೆಯ ಶತಮಾನದಲ್ಲಿ ನೇಮಿನಾಥ ಜಿನಾಲಯವನ್ನು ಎತ್ತಿಸಿದನು. ಮುಧೋಳ ಸೀಮೆಯ ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವು ಈ ಕಾಲದಲ್ಲಿ ದವಾಖಾನೆಯ ರೂಪವನ್ನು ತಾಳಿದೆ. ದಾನಿಗಳು ಕೋಣೆ ಕಟ್ಟಿಸುತ್ತಾರೆ, ಮಂಚ ಕೊಡಿಸುತ್ತಾರೆ, ಯಂತ್ರ ತರಿಸುತ್ತಾರೆ. ಬಾಗಿಲ ಮೇಲೆ ಅಮೃತಶಿಲೆಯಲ್ಲಿ ತಂದೆತಾಯಿಗಳ ಹೆಸರು ಕೆತ್ತಿಸುತ್ತಾರೆ. ಇದೆಲ್ಲವೂ ಶ್ಲಾಘ್ಯವೇ. ಆದರೆ ರಾತ್ರಿ ಎರಡು ಗಂಟೆಗೆ ಆ ಮಂಚದ ಮೇಲೆ ಮಲಗಿದವನ ಉಸಿರು ಏರುಪೇರಾದಾಗ ಅಲ್ಲಿ ನೋಡುವವರು ಯಾರು? ಕಟ್ಟಡ ನೋಡುವುದಿಲ್ಲ, ಯಂತ್ರ ತಾನಾಗಿ ಏಳುವುದಿಲ್ಲ. ನೋಡುವವಳು ಒಬ್ಬ ನರ್ಸು. ಅವಳ ಸಂಬಳಕ್ಕಾಗಿ ದಾನ ಕೊಟ್ಟವನ ಹೆಸರು ಯಾವ ಕಲ್ಲಿನ ಮೇಲೂ ಕಾಣಸಿಗುವುದು ಅಪರೂಪ.

ಇಲ್ಲಿಂದ ಒಂದು ಧರ್ಮಪ್ರಶ್ನೆ ಹುಟ್ಟುತ್ತದೆ. ಸಾಕಷ್ಟು ಜನ ಶುಶ್ರೂಷಕಿಯರಿಲ್ಲದ ಕಾರಣ ರೋಗಿಗೆ ಕೇಡಾದರೆ ಆ ದೋಷ ಯಾರದು? ಕೈ ಸಾಲದೆ ಹೋದ ನರ್ಸಿನದೋ, ಅಥವಾ ಕೈಗಳನ್ನು ಕಡಿಮೆ ಮಾಡಿದವರದೋ?

ಈ ಪ್ರಶ್ನೆ ಬರಿಯ ತರ್ಕವಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಲಿಂಡಾ ಐಕೆನ್ ಮತ್ತು ಸಂಗಡಿಗರು ಪರಿಶೀಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವವು ಶೇಕಡಾ 7ರಷ್ಟು ಏರುತ್ತಿತ್ತು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ, ನಾಲ್ಕು ಲಕ್ಷಕ್ಕೂ ಮಿಕ್ಕ ರೋಗಿಗಳ ವಿಷಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೂ ಅದೇ ಶೇಕಡಾ 7ನ್ನು ಕಂಡಿತು. ಪದವಿ ಪಡೆದ ನರ್ಸುಗಳ ಪ್ರಮಾಣ ಹೆಚ್ಚಿದ್ದಲ್ಲಿ ಸಾವು ಕಡಿಮೆಯೆಂದೂ ಅದು ತೋರಿಸಿತು.

ಇದರ ಕಾರಣವನ್ನು ಸಂಶೋಧಕರು ಹೀಗೆ ವಿವರಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ತೊಡಕುಗಳು ಒಳ್ಳೆಯ ಆಸ್ಪತ್ರೆಯಲ್ಲಿಯೂ ಬರುತ್ತವೆ. ರಕ್ತಸ್ರಾವ, ನಂಜು, ಉಸಿರಾಟದ ತೊಂದರೆ ಯಾರನ್ನೂ ಬಿಟ್ಟಿಲ್ಲ. ಆದರೆ ಒಂದು ಕಡೆ ತೊಡಕಿನ ಮೊದಲ ಕುರುಹು ಕಾಣಿಸಿದೊಡನೆ ವೈದ್ಯನಿಗೆ ಸುದ್ದಿ ಮುಟ್ಟುತ್ತದೆ. ಇನ್ನೊಂದು ಕಡೆ ಬೆಳಗಿನ ಪಾಳಿಯವರು ಬಂದಾಗ ಮುಟ್ಟುತ್ತದೆ. ನಾಡಿ ಎಣಿಸುವುದು, ರಕ್ತದೊತ್ತಡ ನೋಡುವುದು, ಸಲೈನಿನ ಹನಿ ಸರಿಯಾಗಿದೆಯೇ ಎಂದು ಗಮನಿಸುವುದು, ಮಗ್ಗುಲು ಬದಲಿಸಿ ಬೆನ್ನುಹುಣ್ಣು ಬಾರದಂತೆ ಕಾಯುವುದು, ಒಬ್ಬ ರೋಗಿಯಿಂದ ಇನ್ನೊಬ್ಬನ ಬಳಿ ಹೋಗುವಾಗ ಕೈ ತೊಳೆಯುವುದು ಇವೆಲ್ಲ ಸಣ್ಣ ಕೆಲಸಗಳು. ಅವಸರವಾದಾಗ ಮೊದಲು ಬಿಟ್ಟುಹೋಗುವವೂ ಇವೇ. ಬನಹಟ್ಟಿಯ ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನ ವಶಕ್ಕೆ ಅಳವಿಗೆ ಮೀರಿದ ಮಗ್ಗಗಳನ್ನು ಕೊಟ್ಟರೆ ಎಳೆ ಕಡಿದುದು ಅವನ ಕಣ್ಣಿಗೆ ಬೀಳುವುದಿಲ್ಲ, ಸೀರೆ ದೋಷಪಟ್ಟು ಹೊರಬರುತ್ತದೆ. ದೋಷದ ಸೀರೆಯನ್ನು ದರ ಇಳಿಸಿ ಮಾರಬಹುದು. ಮನುಷ್ಯನ ಪ್ರಾಣಕ್ಕೆ ಆ ಉಪಾಯವಿಲ್ಲ.

ಕರ್ನಾಟಕದಲ್ಲಿಯೂ ಈ ಬಗ್ಗೆ ಬೆಲೆಯುಳ್ಳ ಕೆಲಸ ನಡೆದಿದೆ. ಬಾಗಲಕೋಟೆಯೂ ಸೇರಿದಂತೆ ರಾಜ್ಯದ ಉತ್ತರದ 8 ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ತಾಯಿ-ಶಿಶು ಆರೋಗ್ಯ ಯೋಜನೆ ನಡೆಯಿತು. ಅನುಭವಿ ನರ್ಸುಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮತ್ತೆ ಮತ್ತೆ ಹೋಗಿ, ಅಲ್ಲಿಯ ನರ್ಸುಗಳ ಪಕ್ಕದಲ್ಲಿ ನಿಂತು ಹೆರಿಗೆಯ ಕೆಲಸವನ್ನು ತಿದ್ದಿ ಕಲಿಸುವುದು ಅದರ ಮುಖ್ಯ ಅಂಗ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಕೇಂದ್ರಗಳಲ್ಲಿ 54ಕ್ಕೆ ಈ ಮಾರ್ಗದರ್ಶನ ಕೊಟ್ಟು, ಉಳಿದ 54ರೊಡನೆ ಹೋಲಿಸಿದಾಗ, ಮಾರ್ಗದರ್ಶನ ದೊರೆತ ಕಡೆ ತೊಡಕಿನ ಹೆರಿಗೆಗೆ ಬೇಕಾದ ಸಿದ್ಧತೆಯೂ ಸಿಬ್ಬಂದಿಯ ತಿಳಿವಳಿಕೆಯೂ ಮೇಲಾಗಿದ್ದವು. ರಾಜ್ಯದ ಇನ್ನೊಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ತಪಶೀಲು ಪಟ್ಟಿಯನ್ನು ಪರೀಕ್ಷಿಸಲಾಯಿತು. ಮಾಡಲೇಬೇಕಾದ 29 ಕ್ರಮಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು; ಪಟ್ಟಿ ಬಂದ ಮೇಲೆ 25 ನಡೆದವು. 2012ರಲ್ಲಿ ಪ್ರಕಟವಾದ ಈ ಫಲಿತಾಂಶ ಆಶೆ ಹುಟ್ಟಿಸುವಂತಹದು.

ಆದರೆ ಅನೇಕಾಂತ ದೃಷ್ಟಿಯುಳ್ಳವರು ಒಂದು ಮುಖವನ್ನು ನೋಡಿ ತೃಪ್ತರಾಗಬಾರದು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಕೇಂದ್ರಗಳ ದೊಡ್ಡ ಪ್ರಯೋಗದಲ್ಲಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಹೊರಬಂದಾಗ, ಕ್ರಮಪಾಲನೆ ಸುಧಾರಿಸಿದ್ದರೂ ತಾಯಿ-ಶಿಶುಗಳ ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ತಿದ್ದುವವರ ಭೇಟಿ ನಿಂತ ಮೇಲೆ ಪಾಲನೆಯೂ ಇಳಿಯಿತು. ಹಾಗೆಯೇ ಪೆನ್ಸಿಲ್ವೇನಿಯದ ಅಧ್ಯಯನವು ಎರಡು ಸಂಗತಿಗಳ ಸಂಬಂಧವನ್ನು ತೋರಿಸುತ್ತದೆಯೇ ಹೊರತು, ನರ್ಸುಗಳ ಸಂಖ್ಯೆಯೊಂದೇ ಕಾರಣವೆಂದು ಸಾಧಿಸುವುದಿಲ್ಲ. ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುವುದಿಷ್ಟು: ಸಂಖ್ಯೆಯೊಂದರಿಂದ ಸಾಲದು, ಪಟ್ಟಿಯೊಂದರಿಂದ ಸಾಲದು, ಸಲಕರಣೆಯೊಂದರಿಂದಲೂ ಸಾಲದು. ದರ್ಶನ, ಜ್ಞಾನ, ಚಾರಿತ್ರಗಳು ಕೂಡಿದಾಗಲೇ ಮಾರ್ಗವಾಗುವಂತೆ, ಸಾಕಷ್ಟು ಜನ, ತಕ್ಕ ಕಲಿಕೆ, ಬೇಕಾದ ಸಾಮಗ್ರಿ ಈ ಮೂರೂ ಕೂಡಿದಾಗ ಶುಶ್ರೂಷೆಯಾಗುತ್ತದೆ.

ಪರಿಚಾರಕರನ್ನು ಎಣಿಸಿ ನೇಮಿಸಬೇಕೆಂಬ ವಿಚಾರವು ಇತ್ತೀಚಿನದೆಂದು ತಿಳಿಯುವುದು ತಪ್ಪು. ಶಿವಾರ್ಯರ ಭಗವತೀ ಆರಾಧನೆಯು ಸಲ್ಲೇಖನ ಕೈಕೊಂಡ ಕ್ಷಪಕನ ಸೇವೆಗೆ 48 ಜನ ನಿರ್ಯಾಪಕರನ್ನು ಹೇಳುತ್ತದೆ. ಕನ್ನಡದ ವಡ್ಡಾರಾಧನೆಯ 19 ಕಥೆಗಳಿಗೆ ಆಧಾರವಾದ ಗಾಹೆಗಳು ಇದೇ ಗ್ರಂಥದವು. ಅಲ್ಲಿ ನಾಲ್ಕು ನಾಲ್ಕು ಜನರಿಗೆ ಒಂದೊಂದು ಕೆಲಸ ಹಂಚಿಕೆಯಾಗಿದೆ. ಎಬ್ಬಿಸಿ ಕೂರಿಸಿ ಮಗ್ಗುಲು ಬದಲಿಸುವವರು ನಾಲ್ವರು, ಮಲಮೂತ್ರ ಶುದ್ಧಿಯ ಹೊಣೆಯವರು ನಾಲ್ವರು, ರಾತ್ರಿ ಎಚ್ಚರವಿರುವವರು ನಾಲ್ವರು, ಹೀಗೆ. ದೇಶಕಾಲಗಳು ಅನುಕೂಲವಿಲ್ಲದಿದ್ದರೆ ಈ ಸಂಖ್ಯೆಯನ್ನು ನಾಲ್ಕು ನಾಲ್ಕಾಗಿ ಇಳಿಸಬಹುದು. ಎಷ್ಟೇ ಇಳಿಸಿದರೂ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ಇದ್ದರೆ, ಅವನು ತನ್ನ ಆಹಾರಕ್ಕೆ ಹೋದಾಗ ಕ್ಷಪಕನು ಅನಾಥನಾಗುತ್ತಾನೆ. ಹೋಗದಿದ್ದರೆ ಅವನೇ ಬಳಲುತ್ತಾನೆ. ಒಬ್ಬನನ್ನೇ ನಿಲ್ಲಿಸುವುದರಿಂದ ಇಬ್ಬರಿಗೂ ಕೇಡು, ಧರ್ಮಕ್ಕೂ ಅಪವಾದ. ನಿರ್ಯಾಪಕನ ಗುಣಗಳಲ್ಲಿ ಪಾಪಭೀರುತ್ವ, ಧೈರ್ಯಗಳೊಡನೆ ಕ್ಷಪಕನ ಇಂಗಿತವನ್ನು ಅರಿಯುವ ಶಕ್ತಿ ಮತ್ತು ಗುಟ್ಟು ಕಾಯುವ ಗುಣಗಳನ್ನೂ ಆಚಾರ್ಯರು ಸೇರಿಸಿದ್ದಾರೆ. ಇಂದು ಉತ್ತಮ ನರ್ಸಿನಲ್ಲಿ ಬಯಸುವುದೂ ಇದನ್ನೇ.

ಈಗ ದೋಷವಿಚಾರ. ಪ್ರಮತ್ತಯೋಗದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಬಾಧೆಯಾಗುವುದು ಹಿಂಸೆ. ಯತ್ನಾಚಾರವುಳ್ಳವನ ಕೈಯಲ್ಲಿ ಜೀವಕ್ಕೆ ಹಾನಿಯಾದರೂ ಅವನಿಗೆ ಬಂಧವಿಲ್ಲ. ಯತ್ನಾಚಾರವಿಲ್ಲದವನು ಜೀವ ಸತ್ತರೂ ಸಾಯದಿದ್ದರೂ ಹಿಂಸಕನೇ ಎಂಬುದು ಕುಂದಕುಂದಾಚಾರ್ಯರ ಮತ. ರಾತ್ರಿಯಿಡೀ 30 ರೋಗಿಗಳ ನಡುವೆ ಓಡಾಡಿದ ನರ್ಸು ತನ್ನ ಶಕ್ತಿಮೀರಿ ಎಚ್ಚರವಿದ್ದರೆ ಅವಳು ನಿರ್ದೋಷಿ. ಆದರೆ ಎಚ್ಚರವೇ ಅಸಾಧ್ಯವಾಗುವಂತಹ ಸ್ಥಿತಿಯನ್ನು ಉಂಟುಮಾಡಿದವರು ಹಾಗೆ ಪಾರಾಗಲಾರರು. ತಾನು ಮಾಡಿದುದು ಮಾತ್ರವಲ್ಲ, ಮಾಡಿಸಿದುದೂ ಅನುಮೋದಿಸಿದುದೂ ಕರ್ಮಬಂಧಕ್ಕೆ ಕಾರಣವೆಂದು ಜೈನಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಕೃತವು ವಾರ್ಡಿನಲ್ಲಿ ನಡೆದರೆ, ಕಾರಿತ ಮತ್ತು ಅನುಮೋದಿತಗಳು ಟ್ರಸ್ಟಿನ ಸಭೆಯಲ್ಲಿ ನಡೆಯುತ್ತವೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ನಾಲ್ಕನೆಯದು ಅತಿಭಾರಾರೋಪಣ, ತಾಳಲಾರದ ಹೊರೆಯನ್ನು ಹೊರಿಸುವುದು. ಹಿಂದಿನವರು ಇದನ್ನು ಎತ್ತು ಕುದುರೆಗಳ ವಿಷಯದಲ್ಲಿ ಹೆಚ್ಚಾಗಿ ವಿವರಿಸಿದರು. ಕಬ್ಬಿನ ಹಂಗಾಮಿನಲ್ಲಿ ಗಾಡಿಗೆ ಮಿತಿಮೀರಿ ಕಬ್ಬು ಹೇರಿದ್ದನ್ನು ಕಂಡು ಮರುಗುವ ಶ್ರಾವಕನು, ತನ್ನ ಟ್ರಸ್ಟಿನ ದವಾಖಾನೆಯ ಹಾಜರಿ ಪುಸ್ತಕದಲ್ಲಿ ಅದೇ ಅತಿಚಾರವನ್ನು ಕಾಣದಿರುವುದು ಹೇಗೆ? ಎತ್ತು ಮುಗ್ಗರಿಸಿದರೆ ಗಾಡಿ ನಿಲ್ಲುತ್ತದೆ. ನರ್ಸು ಮುಗ್ಗರಿಸಿದರೆ ಇನ್ನೊಂದು ಜೀವ ನಿಲ್ಲುತ್ತದೆ.

ವ್ಯಾಪಾರಸ್ಥರಿಗೆ ಲೆಕ್ಕದ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ವಾರಕ್ಕೆ 168 ಗಂಟೆಗಳು. ಒಬ್ಬ ನೌಕರಳು ವಾರಕ್ಕೆ 48 ಗಂಟೆ ದುಡಿಯುತ್ತಾಳೆ. ಹಗಲಿರುಳು ಒಂದು ಜಾಗದಲ್ಲಿ ಒಬ್ಬಳು ಇರಬೇಕಾದರೆ ಮೂರೂವರೆ ಜನ ಬೇಕು. ರಜೆ, ಕಾಯಿಲೆ, ಹೆರಿಗೆ ಸೇರಿದರೆ ನಾಲ್ವರು. ‘30 ಹಾಸಿಗೆ, ನಾಲ್ವರು ನರ್ಸುಗಳು’ ಎಂದು ವಾರ್ಷಿಕ ವರದಿಯಲ್ಲಿ ಅಚ್ಚಾದರೆ, ರಾತ್ರಿಯ ಯಾವ ಗಳಿಗೆಯಲ್ಲಿ ಹೋಗಿ ನೋಡಿದರೂ 30 ರೋಗಿಗಳಿಗೆ ಒಬ್ಬಳೇ ಇರುತ್ತಾಳೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬ ನರ್ಸು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತು ಬಹುಕಾಲ ಹೇಳುತ್ತ ಬಂದ ಮಾನದಂಡ. ವೇತನದ ವಿಷಯದಲ್ಲಿ, ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2016ರಲ್ಲಿ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಸಲ್ಲದೆಂದು ಶಿಫಾರಸು ಮಾಡಿತು.

ಇದಕ್ಕೆ ಟ್ರಸ್ಟಿಗಳಿಂದ ಬರುವ ಆಕ್ಷೇಪವೂ ಸುಳ್ಳಲ್ಲ. ‘ನರ್ಸುಗಳ ಸಂಖ್ಯೆ, ಸಂಬಳ ಏರಿಸಿದರೆ ರೋಗಿಯ ಬಿಲ್ಲು ಏರುತ್ತದೆ, ಬಡವನು ಬಾಗಿಲಿಗೆ ಬಾರದಂತಾಗುತ್ತದೆ. ಏನೂ ಇಲ್ಲದುದಕ್ಕಿಂತ ಇಷ್ಟಾದರೂ ಇರುವುದು ಲೇಸಲ್ಲವೇ?’ ಎನ್ನುತ್ತಾರೆ. ಜಮಖಂಡಿ, ಬೀಳಗಿಯ ಬಡವನಿಗೆ ಬಾಗಲಕೋಟೆ, ಬೆಳಗಾವಿ, ಮೀರಜುಗಳ ದಾರಿ ದೂರವೇ ಸರಿ. ಆದರೆ ಭಗವತೀ ಆರಾಧನೆಯ ಉತ್ತರ ಇಲ್ಲಿಯೂ ಅನ್ವಯಿಸುತ್ತದೆ: ಇಳಿಸಬಹುದು, ಆದರೆ ಇಳಿಸುವುದಕ್ಕೊಂದು ತಳವಿದೆ. ನೋಡಿಕೊಳ್ಳುವವರಿಲ್ಲದ 30 ಹಾಸಿಗೆಗಳಿಗಿಂತ, ನೋಡಿಕೊಳ್ಳುವವರಿರುವ 12 ಹಾಸಿಗೆಗಳು ಹೆಚ್ಚಿನ ಧರ್ಮ. ದವಾಖಾನೆಯ ಬೋರ್ಡನ್ನು ನಂಬಿ ಒಳಗೆ ಬಂದವನಿಗೆ ಅಭಯವನ್ನು ಕೊಟ್ಟಂತಾಯಿತು. ಕೊಟ್ಟ ಅಭಯವನ್ನು ಕಾಯಲಾಗದಿದ್ದರೆ ಅದು ದಾನವಲ್ಲ. ಇನ್ನು ಹಣದ ಮಾತು. ಕಟ್ಟಡದ ಖರ್ಚು ಒಮ್ಮೆ, ಸಂಬಳದ ಖರ್ಚು ಪ್ರತಿ ತಿಂಗಳು. ಅದಕ್ಕೇ ದಾನಿಗಳು ಮೊದಲನೆಯದಕ್ಕೆ ಒಲಿಯುತ್ತಾರೆ. ಪಂಚಕಲ್ಯಾಣ, ಅಭಿಷೇಕಗಳ ಸವಾಲಿನಲ್ಲಿ ಕೂಗುವ ಮೊತ್ತದ ಒಂದು ಪಾಲನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದ ಒಬ್ಬ ನರ್ಸಿನ ಸಂಬಳವನ್ನು ಶಾಶ್ವತವಾಗಿ ನಡೆಸಿದರೆ ಅದೂ ಔಷಧದಾನವೇ.

ಮತ್ತೊಂದು ಮಾತು ಮನೆಗಳಿಗೆ ಸಂಬಂಧಿಸಿದುದು. ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನ ದೃಷ್ಟಾಂತವನ್ನು ಪ್ರತಿ ಪರ್ಯೂಷಣದಲ್ಲಿಯೂ ಕೇಳುತ್ತಾರೆ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿದಾಗ ಅರಸನು ಹೇಸದೆ, ತಾನು ಕೊಟ್ಟ ಆಹಾರವೇ ಒಗ್ಗಲಿಲ್ಲವೇನೋ ಎಂದು ತನ್ನನ್ನೇ ನಿಂದಿಸಿಕೊಂಡು, ತಾನೇ ತೊಳೆದನು. ಈ ಕಥೆಗೆ ಕಣ್ಣೀರಿಡುವ ಮನೆಗಳಲ್ಲಿಯೇ ‘ಹುಡುಗಿ ನರ್ಸು, ರಾತ್ರಿ ಪಾಳಿ, ಕಂಡವರ ಹೊಲಸು ಬಳಿಯುವ ಕೆಲಸ’ ಎಂದು ಸಂಬಂಧ ಕೈಬಿಡುವುದುಂಟು. ಅರಸನು ಮಾಡಿದಾಗ ಅಂಗವೆನಿಸಿದುದು, ಸಂಬಳಕ್ಕಾಗಿ ಒಬ್ಬ ಹೆಣ್ಣುಮಗಳು ಮಾಡಿದಾಗ ಕೀಳಾಗುವುದು ಯಾವ ನ್ಯಾಯ? ಸಂಬಳ ಪಡೆದರೆ ವೈಯಾವೃತ್ಯದ ಪುಣ್ಯ ಕರಗುತ್ತದೆಂದು ವಾದಿಸುವವರು, ಲಾಭ ಪಡೆದು ಧಾನ್ಯ ಮಾರುವ ವರ್ತಕನ ದಾನವನ್ನು ಮಾತ್ರ ಪುಣ್ಯವೆಂದು ಎಣಿಸುವುದೂ ಸಲ್ಲದು. ಭಾವಶುದ್ಧಿಯೇ ಎರಡೂ ಕಡೆ ಅಳತೆಗೋಲು.

ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆಂಬುದು ಜಿನವಾಣಿಯ ಸಾರ. ಮುಂದಿನ ವಾರ್ಷಿಕ ಸಭೆಯಲ್ಲಿ ದವಾಖಾನೆಯ ಜಮಾ-ಖರ್ಚು ಓದಿದ ಮೇಲೆ, ‘ಕಳೆದ ರಾತ್ರಿ ಎಷ್ಟು ರೋಗಿಗಳಿದ್ದರು, ಎಷ್ಟು ನರ್ಸುಗಳಿದ್ದರು?’ ಎಂಬ ಒಂದೇ ಪ್ರಶ್ನೆಯನ್ನು ಯಾರಾದರೊಬ್ಬ ಶ್ರಾವಕನು ಎದ್ದು ಕೇಳಲಿ. ಉತ್ತರವು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ವೈಯಾವೃತ್ಯವೆಂಬ ತಪಸ್ಸಿಗೆ ಗೃಹಸ್ಥನು ಇಡಬಹುದಾದ ಮೊದಲ ಹೆಜ್ಜೆ ಅದು.