ಉಪಕರಣವೂ ಅಧಿಕರಣವೂ

ಗೃಹಸ್ಥನಾದ ಶ್ರಾವಕನು ಹೊಟ್ಟೆಪಾಡಿಗಲ್ಲದೆ ಕೇವಲ ಮನಸ್ಸಂತೋಷಕ್ಕಾಗಿ ಮನೆಯಲ್ಲಿ ಮರಗೆಲಸ, ಕಬ್ಬಿಣದ ಕೆಲಸಗಳನ್ನು ಮಾಡಿಕೊಂಡಿರುವುದು ದೋಷವೇ? ಈ ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಮೂರು ವರ್ಷಗಳ ಹಿಂದಿನವರೆಗೆ ನನಗೂ ಹಾಗೆಯೇ ತೋರುತ್ತಿತ್ತು.

ಮೂಡಿಗೆರೆಯಲ್ಲಿ ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿ, ವ್ಯವಹಾರವನ್ನು ಮಗನಿಗೆ ಒಪ್ಪಿಸಿದ ಮೇಲೆ, ಮನೆಯ ಕಾರ್ ಶೆಡ್ಡಿನ ಒಂದು ಮಗ್ಗುಲಲ್ಲಿ ಹಲಸಿನ ಹಲಗೆಯ ಮೇಜು ಹೂಡಿದೆ. ಅದಕ್ಕೊಂದು ವೈಸ್ ಬಿಗಿದು, ಉಳಿ, ಕೀಸುಳಿ, ಗರಗಸ, ಅರ, ಇಕ್ಕಳಗಳನ್ನು ಗೋಡೆಗೆ ತೂಗುಹಾಕಿದೆ. ಬ್ಯಾಟರಿ ಡ್ರಿಲ್ಲು, ಗ್ರೈಂಡರು ಆಮೇಲೆ ಬಂದವು. ಬಿ.ಕಾಂ. ಮುಗಿಸಿ ಖಾತೆಕಿರ್ದಿಗಳಲ್ಲೇ ಆಯುಷ್ಯ ಸವೆಸಿದವನಿಗೆ, ಗ್ರಂಥ ಇಡುವ ವ್ಯಾಸಪೀಠವೊಂದನ್ನು ಸ್ವಂತ ಕೈಯಿಂದ ಮಾಡಿದ ದಿನ ಆದ ಆನಂದ ಅಷ್ಟಿಷ್ಟಲ್ಲ.

ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಶಿಲ್ಪಕ್ಕೂ ಸ್ಥಾನವಿದೆ. ನಮ್ಮ ತಾಲ್ಲೂಕಿನ ಅಂಗಡಿ ಗ್ರಾಮದ ಬಸದಿಗಳನ್ನು ನೋಡಿದವರಿಗೆ ಉಳಿ ಹಿಡಿದ ಕೈಯ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಬಡಗಿಯ ಕೈಯಿಂದ ನಡೆಯುವ ಜೀವಘಾತ ಉದ್ಯೋಗೀ ಹಿಂಸೆ. ಜೀವನೋಪಾಯವೆಂಬ ಸಮಾಧಾನ ಅವನಿಗುಂಟು. ಮನೆಯ ಬಾಗಿಲು ಸರಿಪಡಿಸುವಾಗ ಆದದ್ದು ಆರಂಭೀ ಹಿಂಸೆ. ಹವ್ಯಾಸಕ್ಕೆ ಈ ಎರಡು ಆಸರೆಗಳೂ ಇಲ್ಲ. ಪ್ರಯೋಜನವಿಲ್ಲದ ಪಾಪಕ್ರಿಯೆಯೇ ಅನರ್ಥದಂಡ. ಯೋಚನೆಯಿಲ್ಲದೆ ಪ್ರಯೋಜನ ಮೀರಿ ತೊಡಗುವ ಅಸಮೀಕ್ಷ್ಯಾಧಿಕರಣವು ಅದರ ತ್ಯಾಗವ್ರತಕ್ಕೆ ಅತಿಚಾರ. ರಿಯಾಯಿತಿ ಎಂದು ಕೊಂಡು ತಂದ ನನ್ನ ಮೂರನೆಯ ಸ್ಪ್ಯಾನರ್ ಸೆಟ್ಟಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಜೀವ ವಸ್ತುಗಳೂ ಆಸ್ರವಕ್ಕೆ ಅಧಿಕರಣವಾಗುತ್ತವೆಂದು ಹೇಳಿ, ವಸ್ತುವನ್ನು ಇಡುವ ಕ್ರಿಯೆಯನ್ನೂ, ಅಂದರೆ ನಿಕ್ಷೇಪವನ್ನೂ, ಅದರಲ್ಲಿ ಸೇರಿಸುತ್ತದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಆ ನಾಲ್ಕು ಬಗೆಗಳನ್ನು ಹೆಸರಿಸುತ್ತಾರೆ. ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ಅವಸರದಿಂದ ಇಡುವುದು, ಗಮನವಿಲ್ಲದೆ ಎಲ್ಲೆಂದರಲ್ಲಿ ಇಡುವುದು. ಕಾರ್ಖಾನೆಗಳ ಸುರಕ್ಷತಾ ಫಲಕಗಳು ಹೇಳುವುದೂ ಬಹುಪಾಲು ಇದನ್ನೇ.

ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಳಗೊಳಗೇ ಬಿಸಿಯೇರಿ, ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳಬಲ್ಲದು. ಬಯಲಲ್ಲಿ ಬಿಡಿಸಿ ಹರವಿ ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣ ಒಂದು ವಾರದಲ್ಲಿ ತುಕ್ಕು ಹಿಡಿಯುತ್ತದೆಂದು ಉಪಕರಣಗಳನ್ನು ಎಣ್ಣೆಯ ತಟ್ಟೆಯಲ್ಲಿ ಮುಳುಗಿಸಿಡುವ ಅಭ್ಯಾಸ ನನಗಿತ್ತು. ಬೆಳಿಗ್ಗೆ ನೋಡಿದರೆ ತಟ್ಟೆಯ ತುಂಬ ಪತಂಗಗಳು. ಈಗ ಬಟ್ಟೆಗೆ ನಾಲ್ಕು ಹನಿ ಎಣ್ಣೆ ಹಾಕಿ ಒರೆಸಿ ತೂಗುಹಾಕುತ್ತೇನೆ; ತುಕ್ಕೂ ಬರುವುದಿಲ್ಲ. ಸೂರ್ಯಾಸ್ತದ ಮೇಲೆ ದೀಪ ಹಚ್ಚಿ ಕೆಲಸ ಮಾಡುವುದಿಲ್ಲ. ಮಳೆಹುಳುಗಳು ಬಲ್ಬಿಗೆ ಮುತ್ತುವುದನ್ನು ಕಂಡವರಿಗೆ ಕಾರಣ ತಿಳಿದೇ ಇದೆ. ಮರ ಸೀಳುವ ಮುನ್ನ ಅದನ್ನು ನಾಲ್ಕೂ ಕಡೆ ನೋಡುತ್ತೇನೆ. ಸಣ್ಣ ರಂಧ್ರ, ಅದರ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಕಂಡರೆ ಒಳಗೆ ಕುಟ್ಟೆಹುಳು ಜೀವಂತವಾಗಿದೆ ಎಂದರ್ಥ. ಆ ಹಲಗೆ ಹೊರಗೆ ಉಳಿಯುತ್ತದೆ. ಉಳಿಯ ಬಾಯನ್ನು 25 ಡಿಗ್ರಿ ಓರೆಗೆ ಸಾಣೆ ಹಿಡಿದು, ತುದಿಯನ್ನು ಮಾತ್ರ 30 ಡಿಗ್ರಿಗೆ ನಯಗೊಳಿಸಿದರೆ ಅದು ಹೇಳಿದ ಹಾಗೆ ಕೇಳುತ್ತದೆ. ಮೊಂಡು ಉಳಿಗೆ ಬಲ ಬೇಕು. ಬಲ ಹಾಕಿದಾಗ ಅದು ಜಾರಿ ಇನ್ನೊಂದು ಕೈಯನ್ನು ಹುಡುಕಿಕೊಂಡು ಬರುತ್ತದೆ. ಗ್ರೈಂಡರಿನ ಚಕ್ರ ನಿಮಿಷಕ್ಕೆ 10,000 ಸುತ್ತು ಮೀರಿ ತಿರುಗುವಂಥದು. ಅದರ ಕವಚವನ್ನು ಬಿಚ್ಚಿಟ್ಟು ಕೆಲಸ ಮಾಡುವವರನ್ನು ಕಂಡಾಗ ಸ್ವಹಿಂಸೆಯೂ ಹಿಂಸೆಯೇ ಎಂದು ನೆನಪಿಸಬೇಕೆನ್ನಿಸುತ್ತದೆ.

ಅಂಟು ಮತ್ತು ಮೆರುಗಿನ ಬಗ್ಗೆ ಒಂದು ಮಾತು. ಹಿಂದೆ ಬಡಗಿಗಳು ಬಳಸುತ್ತಿದ್ದ ಸರೇಸು ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ಮಾಡಿದ್ದು; ಈಗಿನ ಫೆವಿಕಾಲಿನಂಥ ಕೃತಕ ಅಂಟಿಗೆ ಆ ದೋಷವಿಲ್ಲ. ಫ್ರೆಂಚ್ ಪಾಲಿಶ್ ಅರಗಿನದು, ಅರಗು ಕೀಟದ್ದು. ಹದಿನೈದು ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವನ್ನು ಸೇರಿಸಿದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ನನ್ನ ಶೆಡ್ಡು ನಿರ್ದೋಷವೆಂಬ ಸಣ್ಣ ಅಹಂಕಾರ ನನ್ನಲ್ಲಿ ಬೆಳೆದಿತ್ತು.

ನೆರೆಯ ಸಣ್ಣ ಬೆಳೆಗಾರರೊಬ್ಬರು ಒಂದು ದಿನ ಬಂದು ತಂತಿ ಕತ್ತರಿಸುವ ಕಟ್ಟರನ್ನು ಕೇಳಿದರು. ಕೊಟ್ಟೆ. ಏಕೆಂದು ಕೇಳಲಿಲ್ಲ, ನೆರೆಯವರನ್ನು ಹಾಗೆ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಎರಡು ವಾರ ಕಳೆದು ತೋಟದ ರೈಟರು ನನ್ನನ್ನು ಹಳ್ಳದ ದಂಡೆಗೆ ಕರೆದೊಯ್ದರು. ಹಂದಿಗೆಂದು ಒಡ್ಡಿದ ಉರುಳಿನಲ್ಲಿ ಕಾಡುಕುರಿಯೊಂದು ಕುತ್ತಿಗೆ ಬಿಗಿದು ಸತ್ತಿತ್ತು. ಸುತ್ತಲಿನ ನೆಲವನ್ನು ಅದು ಕೆರೆದ ರೀತಿಯಿಂದಲೇ ಎಷ್ಟು ಹೊತ್ತು ಒದ್ದಾಡಿತೆಂದು ತಿಳಿಯುತ್ತಿತ್ತು. ಉರುಳು ಸಣ್ಣ ಉಕ್ಕಿನ ವೈರ್ ರೋಪಿನದು. ನನ್ನ ಕಟ್ಟರಿನ ಬಾಯಲ್ಲೊಂದು ಚಿಕ್ಕ ಕಚ್ಚು ಇದೆ. ಅದು ಕತ್ತರಿಸಿದಲ್ಲೆಲ್ಲ ಒಂದು ಎಳೆ ಉದ್ದ ಉಳಿಯುತ್ತದೆ. ಆ ಎಳೆ ಅಲ್ಲಿತ್ತು.

ಉರುಳು ಒಡ್ಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆಯೇ. ಇಲಾಖೆಗೆ ತಿಳಿಸಬೇಕಾಗಿತ್ತು. ತಿಳಿಸಲಿಲ್ಲ. ದಾಕ್ಷಿಣ್ಯ ಎಂದು ಬರೆದರೆ ಸುಲಭ. ನನ್ನ ಹೆಸರೂ ಬಂದೀತೆಂಬ ಅಳುಕೂ ಇತ್ತು. ನೇರವಾಗಿ ಅವರ ಮನೆಗೆ ಹೋದೆ. ಶ್ರಾವಕಾಚಾರಗಳಲ್ಲಿ ಹೇಳಿರುವ ಹಿಂಸಾದಾನದ ವಿಷಯ, ಕೊಡಲಿ, ಗುದ್ದಲಿ, ಬೆಂಕಿ, ಸರಪಳಿಗಳಂಥವನ್ನು ಕೊಟ್ಟವನಿಗೂ ಬರುವ ಪಾಪದ ವಿಷಯ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

“ಶೆಟ್ರೇ, ಹಂದಿಗಳು ಒಂದೇ ರಾತ್ರಿಗೆ ಗದ್ದೆ ಉತ್ತ ಹಾಗೆ ಮಾಡಿ ಹೋಗ್ತವೆ, ನೀವೇ ನೋಡಿದ್ದೀರಿ. ಕಟ್ಟರ್ ಕೊಟ್ಟಿದ್ದಕ್ಕೆ ಪಾಪ ಅಂತೀರಿ. ಆ ರೋಪು ನಿಮ್ಮ ಅಂಗಡಿದೇ ಅಲ್ವಾ? ಬಿಲ್ಲು ಇದೆ, ತೋರಿಸ್ಲಾ?”

ನನ್ನಲ್ಲಿ ಉತ್ತರವಿರಲಿಲ್ಲ. ಉಳಿದ ಎರಡು ಉರುಳುಗಳನ್ನು ಇಬ್ಬರೂ ಹೋಗಿ ಬಿಚ್ಚಿದೆವು.

ಧರ್ಮಬಂಧುಗಳೇ, ಉಚಿತವಾಗಿ ಕೊಟ್ಟರೆ ಹಿಂಸಾದಾನ, ಬೆಲೆಗೆ ಕೊಟ್ಟರೆ ವಾಣಿಜ್ಯ ಎಂಬ ಭೇದದ ನೆರಳಿನಲ್ಲಿ ವರ್ತಕರಾದ ನಾವು ಸುಖವಾಗಿ ಕುಳಿತಿದ್ದೇವೆ. ರಸೀದಿ ಹರಿದುಕೊಟ್ಟೊಡನೆ ಹೊಣೆ ಗಿರಾಕಿಯದಾಯಿತೆಂಬ ಭಾವ. ಪ್ರತಿ ಗಿರಾಕಿಯನ್ನೂ ವಿಚಾರಿಸಿ ಮಾರಲಾಗುವುದಿಲ್ಲ ಎಂಬುದೂ ನಿಜವೇ. ಅದೇ ರೋಪು ಬಾವಿಯ ರಾಟೆಗೂ ಹೋಗುತ್ತದೆ, ಗೇಟಿಗೂ ಹೋಗುತ್ತದೆ. ಪ್ರಮತ್ತಯೋಗದಿಂದಾದ ಪ್ರಾಣಘಾತವೇ ಹಿಂಸೆ ಎಂಬ ಲಕ್ಷಣವನ್ನು ಹಿಡಿದು, ನನಗೆ ತಿಳಿದಿರಲಿಲ್ಲ, ಆದ್ದರಿಂದ ಪ್ರಮಾದವಿಲ್ಲ ಎಂದು ಕೆಲವು ದಿನ ವಾದಿಸಿಕೊಂಡೆ.

ತಿಳಿದಿರಲಿಲ್ಲವೇ? ಹಳೆಯ ದಾಸ್ತಾನು ಪುಸ್ತಕಗಳನ್ನು ತೆಗೆದು ನೋಡಿದೆ. ಸಣ್ಣ ವೈರ್ ರೋಪು ವರ್ಷವಿಡೀ ಅಷ್ಟಿಷ್ಟು ಮಾರಾಟವಾಗಿ, ಭತ್ತ ತೆನೆಗಟ್ಟುವ ತಿಂಗಳುಗಳಲ್ಲಿ ಏರುತ್ತದೆ. ಪ್ರತಿ ವರ್ಷವೂ. ಬಾವಿಗಳು ತೆನೆ ನೋಡಿಕೊಂಡು ರಾಟೆ ಬದಲಿಸುವುದಿಲ್ಲ. ಆ ಪುಟಗಳ ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ‘ಸೀಸನ್’ ಎಂದು ಬರೆದಿದೆ. ಹಾಗೆ ಬರೆದು, ಮುಂದಿನ ವರ್ಷಕ್ಕೆ ಒಂದು ತಿಂಗಳು ಮೊದಲೇ ಎರಡು ಸುರುಳಿ ಹೆಚ್ಚಿಗೆ ತರಿಸುತ್ತಿದ್ದೆ.

ಶೆಡ್ಡಿನ ಎಣ್ಣೆತಟ್ಟೆಯ ಪತಂಗಗಳಿಗಾಗಿ ಮರುಗಿದವನು ಇವನೇ.

ಮಗನಿಗೆ ಪುಸ್ತಕ ತೋರಿಸಿ, ಆ ತಿಂಗಳುಗಳಲ್ಲಿ ಸಣ್ಣ ರೋಪು ಮಾರುವುದು ಬೇಡವೆಂದೆ. “ನಾವು ಕೊಡದಿದ್ದರೆ ಪಕ್ಕದ ಅಂಗಡಿಯಲ್ಲಿ ಸಿಗುತ್ತದಲ್ಲ ಅಪ್ಪಾಜಿ” ಎಂದ. ಮೂವತ್ತು ವರ್ಷ ನಾನು ನನಗೇ ಹೇಳಿಕೊಂಡ ಮಾತನ್ನು ಅವನು ಬಾಯಿಬಿಟ್ಟು ಹೇಳಿದ, ಅಷ್ಟೇ. ಹೆಚ್ಚಿಗೆ ತರಿಸುವುದನ್ನು ನಿಲ್ಲಿಸಿದ್ದಾನೆ, ಇದ್ದದ್ದನ್ನು ಮಾರುತ್ತಾನೆ. ಚರ್ಚೆ ಮುಗಿದಿಲ್ಲ.

ನನ್ನ ಶೆಡ್ಡಿನಲ್ಲಿ ಈಗ ಒಂದು ನೋಟುಪುಸ್ತಕವಿದೆ. ಯಾರು, ಏನು, ಯಾವ ಕೆಲಸಕ್ಕೆ ಒಯ್ದರು ಎಂದು ಬರೆಯುತ್ತೇನೆ. ಕೆಲವರಿಗೆ ಇದು ಬೇಸರ. ಇಬ್ಬರು ಬರುವುದನ್ನೇ ಬಿಟ್ಟರು. ಕಳೆದ ತಿಂಗಳು ಆ ನೆರೆಯವರೇ ಬಂದು, ಬಾವಿಯ ರಾಟೆಗೆ ಹಗ್ಗ ಬದಲಿಸಬೇಕು, ಕಟ್ಟರ್ ಕೊಡಿ ಎಂದರು. ಪುಸ್ತಕ ತೆರೆಯಲಿಲ್ಲ. ಕಟ್ಟರನ್ನು ಗೋಡೆಯಿಂದ ತೆಗೆದುಕೊಂಡು ನಾನೂ ಜೊತೆಗೆ ಹೋದೆ. ಅವರು ಅಳತೆ ಹಿಡಿದರು, ನಾನು ಕತ್ತರಿಸಿದೆ. ಒಂದು ಎಳೆ ಉದ್ದ ಉಳಿಯಿತು. ಇಬ್ಬರೂ ಅದನ್ನು ನೋಡಿದೆವು.