ಕೊಟ್ಟ ವಸ್ತು, ಉಳಿದ ಹೊಣೆ

ವಸ್ತುವನ್ನು ಒಪ್ಪಿಸಿದ ಗಳಿಗೆಗೆ ದಾನವು ಮುಗಿಯುತ್ತದೆಯೇ, ಅಥವಾ ಅಲ್ಲಿಂದ ಆರಂಭವಾಗುತ್ತದೆಯೇ? ಈ ಪ್ರಶ್ನೆಯನ್ನು ವಿಚಾರಿಸಲು ಆಫ್ರಿಕಾದ ಹಳ್ಳಿಗಳಲ್ಲಿ ಬಳಸುವ ಒಂದು ಸರಳ ಸಾಧನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಸೈಕಲ್ ಆಂಬುಲೆನ್ಸ್.

ಉಕ್ಕಿನ ಕೊಳವೆಗಳ ಚೌಕಟ್ಟು, ರೋಗಿಯನ್ನು ಮಲಗಿಸಲು ಸ್ಟ್ರೆಚರ್, ಎರಡು ಚಕ್ರ, ಬಿಸಿಲು ಮಳೆಗಳಿಗೆ ಬಟ್ಟೆಯ ಮರೆ. ಇಷ್ಟನ್ನು ಸೈಕಲ್ಲಿನ ಹಿಂದೆ ಕೊಂಡಿಯಿಂದ ಜೋಡಿಸಿದರೆ ವಾಹನ ಸಿದ್ಧ. ಜಾಂಬಿಯಾ, ಮಲಾವಿ, ಉಗಾಂಡ, ನಮೀಬಿಯಾಗಳ ಗ್ರಾಮಗಳು ಇದನ್ನು ಬಳಸಿವೆ. ಇಂಧನ ಬೇಡ, ಕೆಟ್ಟರೆ ಊರಿನ ಸೈಕಲ್ ರಿಪೇರಿಯವನೇ ಬಹುಮಟ್ಟಿಗೆ ಸರಿಪಡಿಸಬಲ್ಲ. ಆದರೆ ಮರಳು ದಾರಿಯಲ್ಲಿ, ಏರಿನಲ್ಲಿ ಅದನ್ನು ಎಳೆಯುವುದು ಬಹು ಕಷ್ಟ.

ಬಡವರಿಗೆ ಸೈಕಲ್, ಉಳ್ಳವರಿಗೆ ಮೋಟಾರು ವಾಹನ. ಇದು ನ್ಯಾಯವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆ ಯುಕ್ತವಾದುದೇ. ಸೈಕಲ್ ಕೊಟ್ಟ ಮಾತ್ರಕ್ಕೆ ರಸ್ತೆ, ಆಸ್ಪತ್ರೆಗಳ ಹೊಣೆ ಯಾರಿಗೂ ತಪ್ಪುವುದಿಲ್ಲ. ಆದರೆ ಇಂದು ರಾತ್ರಿ ಜ್ವರದಿಂದ ಬಳಲುವ ಮಗುವಿಗೆ ಮುಂದೆಂದೋ ಆಗಲಿರುವ ರಸ್ತೆಯಿಂದ ಪ್ರಯೋಜನವೇನು? ಅಲ್ಪ ಸಾಧನವೆಂಬುದು ದೋಷವಲ್ಲ. ಅದೇ ಸಾಕೆಂದು ತೃಪ್ತಿಪಡುವುದು ದೋಷ.

ಗರ್ಭಿಣಿಯರ ಮರಣದ ಕಾರಣಗಳನ್ನು ಪರಿಶೀಲಿಸಿದ ತಡ್ಡೇಯಸ್ ಮತ್ತು ಮೇನ್ ಎಂಬ ವಿದ್ವಾಂಸರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ, ಅಲ್ಲಿಗೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿ. ಸೈಕಲ್ ನಿವಾರಿಸಬಲ್ಲದ್ದು ಎರಡನೆಯದನ್ನು ಮಾತ್ರ. ದಕ್ಷಿಣ ಮಲಾವಿಯ ನ್ಸಾಂಜೆ ಜಿಲ್ಲೆಯ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಸಾಕ್ಷಿ. ಸೈಕಲ್ ಆಂಬುಲೆನ್ಸ್ ಬಂದ ಹಳ್ಳಿಗಳಲ್ಲಿಯೂ ಮನೆಯಲ್ಲಾಗುವ ಹೆರಿಗೆಗಳು ಇಳಿಯಲಿಲ್ಲ. ಹೆರಿಗೆ ನೋವಿನಲ್ಲಿ ಎಲ್ಲರ ಕಣ್ಣೆದುರು ಹೋಗುವ ಸಂಕೋಚದಂತಹ ಅಡ್ಡಿಗಳನ್ನು ಕೇವಲ ಚಕ್ರಗಳು ದಾಟಿಸಲಾರವು.

ಜಾಂಬಿಯಾದ ಸೆರೆಂಜೆ ಜಿಲ್ಲೆಯ ಅನುಭವ ಭಿನ್ನವಾದುದು. 2017-18ರಲ್ಲಿ ಅಲ್ಲಿ ಗ್ರಾಮದ ಸ್ವಯಂಸೇವಕರಿಗೆ ತೀವ್ರ ಮಲೇರಿಯಾದ ಲಕ್ಷಣಗಳನ್ನು ಗುರುತಿಸುವುದನ್ನೂ, ಮಕ್ಕಳಿಗೆ ಗುದದ್ವಾರದ ಮೂಲಕ ಆರ್ಟಿಸುನೇಟ್ ಔಷಧ ನೀಡುವುದನ್ನೂ ಕಲಿಸಲಾಯಿತು. ಈ ಔಷಧವು ಕಾಲಾವಕಾಶವನ್ನು ಮಾತ್ರ ಒದಗಿಸುತ್ತದೆ. ಪೂರ್ಣ ಚಿಕಿತ್ಸೆಗೆ ಆರೋಗ್ಯ ಕೇಂದ್ರಕ್ಕೆ ಹೋಗಲೇಬೇಕು. ಆ ಕೆಲಸವನ್ನು ಊರಿನವರೇ ತುಳಿಯುವ ಸೈಕಲ್ ಆಂಬುಲೆನ್ಸ್ ನಿರ್ವಹಿಸಿತು. ಪರಿಣಾಮವಾಗಿ ತೀವ್ರ ಮಲೇರಿಯಾದಿಂದ ಸಾಯುವವರ ಪ್ರಮಾಣ ಶೇಕಡಾ 8ರಿಂದ 0.25ಕ್ಕೆ ಇಳಿಯಿತೆಂದು ವರದಿಯಾಯಿತು.

2018ರಿಂದ 2020ರವರೆಗೆ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ನೈಜೀರಿಯಾ, ಉಗಾಂಡಗಳಲ್ಲಿ ಅದೇ ಔಷಧವನ್ನು ಹಂಚಿ ಅಧ್ಯಯನ ನಡೆಸಿದಾಗ ಅಂತಹ ಫಲ ಕಾಣಲಿಲ್ಲ. ಎಷ್ಟೋ ಮಕ್ಕಳು ಆರೋಗ್ಯ ಕೇಂದ್ರವನ್ನು ತಲುಪಲಿಲ್ಲ. ತಲುಪಿದ ಎಲ್ಲರಿಗೂ ಪೂರ್ಣ ಚಿಕಿತ್ಸೆ ದೊರೆಯಲಿಲ್ಲ. ಔಷಧವಿತ್ತು, ಅದರ ಹಿಂದೆ ಮುಂದೆ ಇರಬೇಕಾದ ಕೊಂಡಿಗಳು ದುರ್ಬಲವಾಗಿದ್ದವು.

ದಾನದ ಫಲವನ್ನು ಅಳೆಯುವಾಗ ದ್ರವ್ಯವನ್ನಷ್ಟೇ ಅಲ್ಲ, ವಿಧಿ, ದಾತೃ, ಪಾತ್ರಗಳನ್ನೂ ನಮ್ಮ ಹಿರಿಯರು ಎಣಿಸಿದರು. ವ್ಯಾಪಾರಸ್ಥರಾದ ನಮಗೆ ಇದು ಹೊಸತಲ್ಲ. ಯಂತ್ರ ಕೊಂಡ ದಿನದ ವೆಚ್ಚ ಒಂದು, ಅದನ್ನು ನಡೆಸುವ ವೆಚ್ಚ ಇನ್ನೊಂದು. ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದ ಅಂಗಡಿ ಉಳಿಯದು. ಆದರೂ ದತ್ತಿ ಕಾರ್ಯದಲ್ಲಿ ನಾವು ಮೊದಲನೆಯದನ್ನೇ ಪೂರ್ಣ ದಾನವೆಂದು ಭಾವಿಸುತ್ತೇವೆ. ವಾಹನದ ಮೇಲೆ ದಾನಿಯ ಹೆಸರನ್ನು ಬರೆಸುತ್ತೇವೆ; ಟಯರು ಸವೆದಾಗ ಯಾರು ಕೊಡುವರು, ನಡುರಾತ್ರಿ ಯಾರು ಏಳುವರು ಎಂಬುದನ್ನು ಬರೆದಿಡುವುದಿಲ್ಲ.

ಆದುದರಿಂದ ಯಾವುದೇ ಟ್ರಸ್ಟು ಒಂದು ಸಾಧನವನ್ನು ದಾನ ಮಾಡುವ ಮೊದಲು ಈ ಮೂರನ್ನು ಕೇಳಿಕೊಳ್ಳಲಿ: ಇದನ್ನು ಬಳಸಲು ಜನರಿಗೆ ಮನಸ್ಸಿದೆಯೇ? ನಡೆಸುವವರಾರು? ಇದು ತಲುಪಿಸುವ ಸ್ಥಳದಲ್ಲಿ ಪರಿಹಾರವಿದೆಯೇ? ಈ ಪ್ರಶ್ನೆಗಳಿಗೆ ಉತ್ತರವಿದ್ದರೆ ಸೈಕಲ್ಲೂ ಪ್ರಾಣದಾನ ಮಾಡುತ್ತದೆ. ಇಲ್ಲದಿದ್ದರೆ ಲಕ್ಷಾಂತರ ರೂಪಾಯಿಯ ವಾಹನವೂ ಷೆಡ್ಡಿನಲ್ಲಿ ನಿಂತ ಕಬ್ಬಿಣವಷ್ಟೇ.