ಆಲೆಮನೆ ಯಾರದ್ದು?

ಅಣ್ಣನ ಫೋನು ಬಂದಾಗ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ಹೋಮ್‌ಡೆಲ್ ಅನ್ನೋ ಊರಿನ ಒಂದು ಭಾರೀ ಕಟ್ಟಡದೊಳಗೆ ಕಾಫಿ ಹಿಡಿದುಕೊಂಡು ನಿಂತಿದ್ದೆ. ನನಗೆ ಶನಿವಾರ ಬೆಳಿಗ್ಗೆ, ಅವನಿಗೆ ರಾತ್ರಿ ಊಟದ ಹೊತ್ತು.

“ಏನ್ಲಾ, ಯಾವಾಗ್ ಬತ್ತೀಯ? ನೀನ್ ಸೈನ್ ಹಾಕ್ದೆ ಬ್ಯಾಂಕ್‌ನೋರು ಸಾಲ ಕೊಡಕಿಲ್ಲ ಅಂತವ್ರೆ.”

ವಿಷಯ ಇಷ್ಟೇ. ಮಂಡ್ಯದ ಹತ್ತಿರದ ನಮ್ಮೂರಲ್ಲಿ ರಸ್ತೆ ಪಕ್ಕ ನಮ್ಮದೊಂದು ಆಲೆಮನೆ ಇತ್ತು. ಅಪ್ಪ ತೀರಿಕೊಂಡ ಮೇಲೆ ನಿಂತುಹೋಯ್ತು. ಈಗ ಗಾಣ ತುಕ್ಕು ಹಿಡಿದಿದೆ, ಕೊಪ್ಪರಿಗೆ ಗುಜರಿಗೆ ಹೋಗಿದೆ, ಗೋಡೆ ಮತ್ತು ಚಿಮಣಿ ಉಳಿದಿವೆ. ಅದನ್ನು ಕೆಡವಿ ಮುಂದೆ ಮೂರು ಮಳಿಗೆ, ಹಿಂದೆ ಗೊಬ್ಬರದ ಗೋಡೌನು, ಮೇಲೆ ಶಾಲೆಯ ಮೇಷ್ಟ್ರುಗಳಿಗೆ ಬಾಡಿಗೆ ಕೊಡೋಕೆ ಎರಡು ಮನೆ ಕಟ್ಟಬೇಕು ಅಂತ ಅಣ್ಣನ ಲೆಕ್ಕ. ಜಾಗ ಜಂಟಿ ಖಾತೆಯಲ್ಲಿದೆ. ನಾನು ಆರು ತಿಂಗಳಿಂದ ಸಹಿ ಹಾಕದೆ ಸತಾಯಿಸುತ್ತಿದ್ದೆ. ಕಾರಣ ಕೇಳಿದರೆ “ಅಪ್ಪನ ನೆನಪು” ಅಂತಿದ್ದೆ.

“ಬಂದ್ಮೇಲೆ ಮಾತಾಡನ” ಅಂತ ಫೋನ್ ಇಟ್ಟೆ. ಇಟ್ಟ ಮೇಲೆ ನಾನು ಎಲ್ಲಿ ನಿಂತಿದ್ದೀನಿ ಅನ್ನೋದು ನೆನಪಾಗಿ ನಗು ಬಂತು.

ನಾನು ನಿಂತಿದ್ದು ಒಂದು ಕಾಲದ ಬೆಲ್ ಲ್ಯಾಬ್ಸ್‌ನಲ್ಲಿ. ಬಿ.ಇ. ಓದುವಾಗ ಸಿ ಪುಸ್ತಕವನ್ನು ಜೆರಾಕ್ಸ್ ಹೊಡೆಸಿಕೊಂಡು ಓದಿದ ನನ್ನಂಥವರಿಗೆ ಅದು ಒಂಥರಾ ಧರ್ಮಸ್ಥಳ ಇದ್ದ ಹಾಗೆ. ಆನ್‌ಸೈಟ್‌ಗೆ ಹೋದವನು ಒಂದು ವಾರಾಂತ್ಯ ಬಿಡುವು ಮಾಡಿಕೊಂಡು ಹೋಗಿದ್ದೆ. ಜೊತೆಗೆ ಬಂದ ಎಡಿಸನ್‌ನ ಕನ್ನಡದ ಗೆಳೆಯ ಅಲ್ಲಿ ಇಳಿಯುತ್ತಲೇ ನನ್ನ ಭಕ್ತಿಗೆ ತಣ್ಣೀರು ಹಾಕಿದ: “ಗುರೂ, ಸಿ, ಯುನಿಕ್ಸ್ ಹುಟ್ಟಿದ್ದು ಇಲ್ಲಲ್ಲ. ಅದು ಮರ್ರೇ ಹಿಲ್. ಬೇರೆ ಕ್ಯಾಂಪಸ್ಸು.” ಬರದ ಗುಡಿಗೆ ಹರಕೆ ಹೊತ್ತ ಹಾಗಾಯ್ತು ನನ್ನ ಕಥೆ.

ಹಾಗಂತ ಹೋಮ್‌ಡೆಲ್ ಸಣ್ಣ ಜಾಗವೇನಲ್ಲ. ಆ ಕಟ್ಟಡ ಇನ್ನೂ ಇಲ್ಲದಿದ್ದ 1930ರ ದಶಕದ ಆರಂಭದಲ್ಲಿ, ಅದೇ ನೆಲದ ಮೇಲೆ ಆಂಟೆನಾ ನಿಲ್ಲಿಸಿದ್ದ ಕಾರ್ಲ್ ಜಾನ್ಸ್‌ಕಿ ಆಕಾಶಗಂಗೆಯಿಂದ ರೇಡಿಯೋ ತರಂಗ ಬರುತ್ತದೆ ಅಂತ ಕಂಡುಹಿಡಿದ. ರೇಡಿಯೋ ಖಗೋಳಶಾಸ್ತ್ರ ಶುರುವಾಗಿದ್ದೇ ಅಲ್ಲಿ. ಕಟ್ಟಡದ ವಿನ್ಯಾಸ ಈರೋ ಸಾರಿನೆನ್‌ದು. 1962ರಲ್ಲಿ ಬಾಗಿಲು ತೆರೆದಾಗ ಅವನು ಬದುಕಿರಲಿಲ್ಲ. 1980ರ ದಶಕದಲ್ಲಿ ಸ್ಟೀವನ್ ಚೂ ಅಲ್ಲೇ ಲೇಸರ್ ಬಳಸಿ ಪರಮಾಣುಗಳನ್ನು ತಣ್ಣಗಾಗಿಸಿ ಹಿಡಿದಿಟ್ಟರು, 1997ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಒಂದು ಕಾಲಕ್ಕೆ 6,000 ಜನ ಕೆಲಸ ಮಾಡುತ್ತಿದ್ದ, 20 ಲಕ್ಷ ಚದರಡಿಯ ಕಟ್ಟಡ. ಅಂಗಳದಲ್ಲಿ ನೀರಿನ ಟ್ಯಾಂಕ್ ಇದೆ, ಅದರ ಆಕಾರ ಕೂಡ ಟ್ರಾನ್ಸಿಸ್ಟರ್‌ದು!

ಆಮೇಲೆ ಕಂಪನಿಗಳು ಒಡೆದವು, ಕೂಡಿದವು, ಕೆಲಸ ಹೋದವು. ಕಟ್ಟಡ ಖಾಲಿಯಾಯ್ತು. 2006ರಲ್ಲಿ ಅದನ್ನು ಕೆಡವುವ ಯೋಜನೆ ಬಂತು. ವಿಜ್ಞಾನಿಗಳು, ವಾಸ್ತುಶಿಲ್ಪಿಗಳು ಬೇಡ ಅಂದರು. ಕೊನೆಗೆ 2013ರಲ್ಲಿ ಸಾಮರ್ಸೆಟ್ ಡೆವಲಪ್‌ಮೆಂಟ್ ಅನ್ನೋ ಸಂಸ್ಥೆ 2.7 ಕೋಟಿ ಡಾಲರ್‌ಗೆ ಕೊಂಡುಕೊಂಡು, ಕೆಡವದೆ ಒಳಗಿಂದೊಳಗೇ ಬದಲಾಯಿಸಿತು. ಈಗ ಹೆಸರು ಬೆಲ್ ವರ್ಕ್ಸ್. ಉದ್ದಕ್ಕೆ ಸುಮಾರು ಕಾಲು ಮೈಲಿ ಇರುವ ಒಳಾಂಗಣದಲ್ಲಿ ಅಂಗಡಿ, ಹೋಟೆಲು, ಜಿಮ್ಮು, ಊರಿನ ಸಾರ್ವಜನಿಕ ಗ್ರಂಥಾಲಯ. ಮೇಲಿನ ಮಹಡಿಗಳಲ್ಲಿ ಆಫೀಸು. ಛಾವಣಿಯ ಗಾಜೇ ಸೂರ್ಯನ ಬೆಳಕಿನಿಂದ ಕರೆಂಟು ತಯಾರಿಸುತ್ತದೆ. ನಾನು ಹೋದ ದಿನ, ನೊಬೆಲ್ ಪಡೆದವರು ಓಡಾಡಿದ ಆ ನೆಲದ ಮೇಲೆ ಮಕ್ಕಳು ಸ್ಕೂಟರ್ ಓಡಿಸುತ್ತಿದ್ದವು.

ಮೊದಲು ನನಗೆ ಬೇಜಾರೇ ಆಯ್ತು. ನಿಜ ಹೇಳಬೇಕು. ಚಿಂತನೆ ಮಾಡುವ ಜಾಗದಲ್ಲಿ ಪಿಜ್ಜಾ ಮಾರುತ್ತಿದ್ದಾರಲ್ಲಪ್ಪಾ ಅನ್ನಿಸಿತು. ಅಷ್ಟೊತ್ತಿಗೆ ಅಣ್ಣನ ಫೋನು. ನಾನು ಅಣ್ಣನಿಗೆ ಹೇಳುತ್ತಿದ್ದ ಮಾತನ್ನೇ ಇಲ್ಲಿ ಕಟ್ಟಡಕ್ಕೆ ಹೇಳುತ್ತಿದ್ದೆ: ನಾನು ಇಲ್ಲಿ ಇರೋದಿಲ್ಲ, ಇಲ್ಲಿ ದುಡಿಯೋದಿಲ್ಲ, ಆದರೆ ಇದು ನನ್ನ ನೆನಪಿನ ಥರಾನೇ ಇರಬೇಕು. ಬೆಲ್ ಲ್ಯಾಬ್ಸ್ ವಿಷಯದಲ್ಲಂತೂ ನನ್ನದಲ್ಲದ ನೆನಪು ಬೇರೆ!

ಒಂದು ಜಾಗದ ಮೇಲೆ ಹಕ್ಕು ಯಾರದ್ದು? ಅಲ್ಲಿ ಹಿಂದೆ ಏನಾಗಿತ್ತು ಅಂತ ನೆನಪಿಟ್ಟುಕೊಂಡವರದ್ದೋ, ಮುಂದೆ ಅಲ್ಲಿ ಬದುಕಬೇಕಾದವರದ್ದೋ?

ನೆನಪಿಗೆ ಹಕ್ಕು ಕೊಟ್ಟರೆ ಎಲ್ಲಿಗೆ ನಿಲ್ಲಿಸೋದು ಅನ್ನೋದು ಮೊದಲ ತೊಡಕು. ಲ್ಯಾಬಿಗೆ ಮುಂಚೆ ಅದು ಹೊಲ. ಹೊಲಕ್ಕೂ ಮುಂಚೆ ಆ ಸೀಮೆ ಲೆನಾಪೆ ಅನ್ನೋ ಮೂಲನಿವಾಸಿಗಳದ್ದು. ಯಾರ ನೆನಪಿಗೆ ಫಲಕ ಹಾಕೋದು? ಹೆಚ್ಚಿನ ಸಲ ಕೊನೆಯಲ್ಲಿ ಇದ್ದ, ಬರೆಯೋಕೆ ಬರುವ, ಪೇಪರಿನವರ ಪರಿಚಯ ಇರುವವರ ನೆನಪಿಗೇ ಫಲಕ. ಹೋಮ್‌ಡೆಲ್ ಕಟ್ಟಡ 2017ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಒಳ್ಳೆಯದೇ. ಆದರೆ ಅಲ್ಲಿ ರಾತ್ರಿ ನೆಲ ಒರೆಸುತ್ತಿದ್ದವರಿಗೆ ಆ ಕಟ್ಟಡ ಏನಾಗಿತ್ತು ಅಂತ ಕೇಳಬೇಕು ಅಂತ ನನಗೂ ಆವತ್ತು ಹೊಳೆಯಲಿಲ್ಲ. ಊರಿಗೆ ಬಂದ ಮೇಲೆ ಹೊಳೆಯಿತು. ಅದನ್ನು ಆಮೇಲೆ ಹೇಳ್ತೀನಿ.

ಹಾಗಾದರೆ ಬಿಡಿ, ನೆನಪು ಬೇಡ, ಮುಂದೆ ಬದುಕುವವರದ್ದೇ ಹಕ್ಕು ಅನ್ನೋಣ. ಇಲ್ಲೂ ತೊಡಕಿದೆ. ಮುಂದೆ ಬದುಕುವವರು ಯಾರು ಅಂತ ತೀರ್ಮಾನಿಸುವವರು ಯಾರು?

ಬೆಂಗಳೂರಿನಲ್ಲಿ ಫ್ಲ್ಯಾಟ್ ಹುಡುಕಿದವರಿಗೆಲ್ಲ ಗೊತ್ತಿರುವ ಭಾಷೆ ಇದು: ವಾಕ್ ಟು ವರ್ಕ್, ಸಸ್ಟೇನಬಲ್, ಕಮ್ಯೂನಿಟಿ. ನಾನು ಈ ಪದಗಳನ್ನು ಗೇಲಿ ಮಾಡೋದಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7-8ರಷ್ಟು ಬರೋದು ಸಿಮೆಂಟ್ ತಯಾರಿಕೆಯಿಂದ. ಹಾಗಿರುವಾಗ ಗಟ್ಟಿಮುಟ್ಟಾಗಿ ನಿಂತಿರುವ ಕಟ್ಟಡವನ್ನು ಕೆಡವದೆ ಮತ್ತೆ ಬಳಸಿದ್ದು ನಿಜವಾಗಿಯೂ ಒಳ್ಳೆಯ ಕೆಲಸ. ಮನೆ, ಕೆಲಸ, ಅಂಗಡಿ ಹತ್ತಿರ ಹತ್ತಿರ ಇರಬೇಕು ಅನ್ನೋದೂ ಸರಿಯೇ. ನಮ್ಮೂರುಗಳು ಇದ್ದದ್ದೇ ಹಾಗೆ. ಆಲೆಮನೆ, ಹಿಟ್ಟಿನ ಗಿರಣಿ, ಡೈರಿ, ಸ್ಕೂಲು, ದೇವಸ್ಥಾನ ಎಲ್ಲ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರದಲ್ಲಿ. ಅದಕ್ಕೆ ನಾವು ‘ಮಿಕ್ಸೆಡ್ ಯೂಸ್’ ಅಂತ ಹೆಸರಿಟ್ಟಿರಲಿಲ್ಲ ಅಷ್ಟೇ.

ಆದರೆ ನಮ್ಮೂರಿಗೂ ಒಂದು ಗೆರೆ ಇತ್ತು, ಬೀದಿ ಬೇರೆ ಬೇರೆ ಇತ್ತು, ಯಾರ ಮನೆ ಎಲ್ಲಿರಬೇಕು ಅನ್ನೋದು ಕೇಳದೆಯೇ ತೀರ್ಮಾನವಾಗಿತ್ತು. ಅಲ್ಲಿಯೂ ಇಂಥದ್ದೇ ಗೆರೆ ಇದೆ, ಕಾಗದದ ಮೇಲಿದೆ. ಹೋಮ್‌ಡೆಲ್ ಆವರಣದ ಅಂಚಿನಲ್ಲಿ ಕಟ್ಟಿದ ಮನೆಗಳಲ್ಲಿ ಒಂದು ಭಾಗ 55 ವರ್ಷ ದಾಟಿದವರಿಗೆ ಮೀಸಲು. ಯಾಕೆ ಅಂತ ಗೆಳೆಯನನ್ನು ಕೇಳಿದೆ. ಹತ್ತು ವರ್ಷದಿಂದ ಅಲ್ಲಿರುವ ಅವನು ನಕ್ಕ: “ಮಕ್ಕಳು ಬಂದ್ರೆ ಸ್ಕೂಲಿಗೆ ಖರ್ಚು. ಸ್ಕೂಲಿನ ಖರ್ಚು ಅಂದ್ರೆ ಮನೆ ಟ್ಯಾಕ್ಸು. ವಯಸ್ಸಾದವರು ಬಂದ್ರೆ ಟ್ಯಾಕ್ಸ್ ಮಾತ್ರ ಬರುತ್ತೆ.” ನ್ಯೂಜೆರ್ಸಿಯ ಎಷ್ಟೋ ಊರುಗಳ ಲೆಕ್ಕಾಚಾರ ಇದು ಅಂತ ಅವನ ಮಾತು. ಯಾರೂ ಯಾರನ್ನೂ ಬರಬೇಡಿ ಅನ್ನೋದಿಲ್ಲ. ನಿಯಮವೇ ಆ ಕೆಲಸ ಮಾಡುತ್ತದೆ.

ಇದೇ ರಾಜ್ಯದಲ್ಲಿ ಈ ಪ್ರಶ್ನೆ ಕೋರ್ಟಿಗೂ ಹೋಗಿತ್ತು. 1975ರಲ್ಲಿ ಮೌಂಟ್ ಲಾರೆಲ್ ಅನ್ನೋ ಊರಿನ ಮೊಕದ್ದಮೆಯಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಬೆಳೆಯುತ್ತಿರುವ ಊರುಗಳು ತಮ್ಮ ವಲಯ ನಿಯಮಗಳ ಮೂಲಕ ಬಡವರನ್ನು ಹೊರಗಿಡುವಂತಿಲ್ಲ, ಕಡಿಮೆ ಆದಾಯದವರ ಮನೆಗಳಲ್ಲಿ ತಮ್ಮ ಪಾಲನ್ನು ಹೊರಲೇಬೇಕು ಅಂತ ತೀರ್ಪು ಕೊಟ್ಟಿತು. ಆಮೇಲೆ 1985ರಲ್ಲಿ ಕಾನೂನು ಬಂತು. ಅದರಲ್ಲೊಂದು ಕಿಂಡಿ ಇತ್ತು: ಒಂದು ಊರು ತನ್ನ ಪಾಲಿನ ಅರ್ಧದವರೆಗೆ ಬೇರೆ ಊರಿಗೆ ದುಡ್ಡು ಕೊಟ್ಟು ವರ್ಗಾಯಿಸಬಹುದು. ಅಂದರೆ ಬಡವರನ್ನು ನೀವಿಟ್ಟುಕೊಳ್ಳಿ, ಖರ್ಚು ನಾವು ಕೊಡ್ತೀವಿ! ಆ ಕಿಂಡಿ ಮುಚ್ಚಿದ್ದು 2008ರಲ್ಲಿ.

ಇದನ್ನು ಓದಿದಾಗ ಅಮೆರಿಕದವರ ಮೇಲೆ ನಗು ಬಂತು. ಆ ನಗು ಜಾಸ್ತಿ ದಿನ ಉಳಿಯಲಿಲ್ಲ.

ಊರಿಗೆ ಬಂದೆ. ಆಲೆಮನೆ ನೋಡೋಕೆ ಹೋದಾಗ ಅಲ್ಲಿ ನಮ್ಮಲ್ಲಿ ಇಪ್ಪತ್ತು ವರ್ಷ ದುಡಿದ ಹಿರಿಯರೊಬ್ಬರು ಸಿಕ್ಕರು. ಗಾಣಕ್ಕೆ ಕಬ್ಬು ಕೊಡುತ್ತಿದ್ದವರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರ ಬಲಗೈಯ ಮೂರು ಬೆರಳು ಗಾಣಕ್ಕೆ ಸಿಕ್ಕಿಹೋಗಿದ್ದವು. ಅಪ್ಪ ಆಸ್ಪತ್ರೆ ಖರ್ಚು ಕೊಟ್ಟಿದ್ದರು, ಆಮೇಲೆ ಸ್ವಲ್ಪ ದಿನ ಅಕ್ಕಿ, ಬೆಲ್ಲ. ಅಲ್ಲಿಗೆ ಮುಗಿಯಿತು. ನಾನು ಮಾತಿಗೆ, “ಕೆಡವ್ಬಾರ್ದು ಅಂತ ನಂಗಾಸೆ. ಒಳಕ್ ಬಂದ್ರೆ ಇನ್ನೂ ಕಬ್ಬಿನ ಹಾಲು ಕಾಯೋ ವಾಸ್ನೆ ಬಂದಂಗಾಯ್ತದೆ” ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಿಮ್ಗೆ ವಾಸ್ನೆ ನೆಪ್ಪಾಯ್ತದೆ ಬುದ್ಧಿ. ನಂಗೆ ಗಾಣದ್ ಸದ್ದು ನೆಪ್ಪಾಯ್ತದೆ.”

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಆರು ತಿಂಗಳಿಂದ ಕಾಪಾಡುತ್ತಿದ್ದದ್ದು ಅಪ್ಪನ ನೆನಪನ್ನಲ್ಲ, ಅಪ್ಪನ ನೆನಪಿನಲ್ಲಿ ನನಗೆ ಬೇಕಾದ ಭಾಗವನ್ನು. ಅಣ್ಣನ ಪ್ಲ್ಯಾನಿನಲ್ಲಿ ಇದ್ದದ್ದು ಭವಿಷ್ಯ, ನನ್ನ ಹಟದಲ್ಲಿ ಇದ್ದದ್ದು ಭೂತಕಾಲ. ಎರಡರಲ್ಲೂ ಈ ಮನುಷ್ಯ ಇರಲಿಲ್ಲ. ಕೆಡವಬೇಕೋ ಉಳಿಸಬೇಕೋ ಅಂತ ನಾವಿಬ್ಬರೂ ಜಗಳ ಆಡುತ್ತಿದ್ದೆವು. ಯಾರನ್ನು ಲೆಕ್ಕಕ್ಕೆ ಸೇರಿಸಿಲ್ಲ ಅನ್ನೋದು ಇಬ್ಬರಿಗೂ ಕಾಣಲಿಲ್ಲ.

ಬೆಳಿಗ್ಗೆ ಅಣ್ಣನಿಗೆ ಹೇಳಿದೆ, ಸಹಿ ಹಾಕ್ತೀನಿ, ಆದರೆ ಮೂರು ಮಳಿಗೆಯಲ್ಲಿ ಒಂದು ಅವರ ಮನೆಗೆ. ಅವರ ಮೊಮ್ಮಗಳು ಟೈಲರಿಂಗ್ ಕಲಿತಿದ್ದಾಳೆ.

“ನೀನ್ ಬೆಂಗ್ಳೂರಲ್ ಕೂತ್ಕಂಡು ಧರ್ಮ ಮಾಡ್ತೀಯ, ಕಂತು ನಾನ್ ಕಟ್ಬೇಕಾ?” ಅಂದ ಅಣ್ಣ. ತಪ್ಪೇನಿಲ್ಲ ಅವನ ಮಾತಲ್ಲಿ. ಕೊನೆಗೆ ನನ್ನ ಪಾಲಿನಿಂದ ಅಂತ ಒಪ್ಪಿಗೆಯಾಯ್ತು. ಆ ಮಳಿಗೆಯ ಬಾಡಿಗೆಯಲ್ಲಿ ಬಿಟ್ಟದ್ದನ್ನು ನಾನು ಕಟ್ಟಿಕೊಡಬೇಕು. ಅವ್ವ ಮಾತಾಡಲಿಲ್ಲ, ಕಾಫಿ ಇನ್ನೊಂದು ಲೋಟ ತಂದುಕೊಟ್ಟಳು.

ನಾನು ದೊಡ್ಡ ಮನುಷ್ಯನಾದೆ ಅನ್ನೋ ಖುಷಿಯಲ್ಲಿ ಸಂಜೆ ಅವರ ಮನೆಗೆ ಹೋಗಿ ವಿಷಯ ಹೇಳಿದೆ. ಹಿರಿಯರು ಕೈಮುಗಿದರು. ನನಗೆ ಮುಜುಗರವಾಯ್ತು. ಮೊಮ್ಮಗಳು ಕೈಮುಗಿಯಲಿಲ್ಲ. ಬಾಗಿಲಿಗೆ ಒರಗಿ ನಿಂತು ಕೇಳಿದಳು: “ಎಷ್ಟ್ ವರ್ಷಕ್ಕಣ್ಣ? ಅಗ್ರಿಮೆಂಟ್ ಮಾಡ್ಕೊಡ್ತೀರಾ?”

“ಮಾಡನ, ಹನ್ನೊಂದ್ ತಿಂಗಳ್ದು ಎಲ್ರೂ ಮಾಡೋ ಹಂಗೆ...”

“ಹನ್ನೊಂದ್ ತಿಂಗ್ಳಾದ್ಮೇಲೆ ನಿಮ್ಮಣ್ಣ ಬಿಡಿ ಅಂದ್ರೆ? ಹತ್ತ್ ವರ್ಷಕ್ ರಿಜಿಸ್ಟ್ರು ಮಾಡ್ಕೊಡಿ. ಬಾಯ್ಮಾತಲ್ಲಿ ಬ್ಯಾಡ.”

ಒಂದು ಕ್ಷಣ ನನಗೆ ಕೋಪವೇ ಬಂತು. ಕೊಡೋಕೆ ಬಂದವನ ಮೇಲೆ ಅನುಮಾನವಾ ಅಂತ. ಬೈಕ್ ಹತ್ತಿ ಅರ್ಧ ದಾರಿ ಬರುವ ಹೊತ್ತಿಗೆ ಅವಳ ಮಾತು ಅರ್ಥವಾಯ್ತು. ನನ್ನ ಅಪ್ಪ ಕೊಟ್ಟಿದ್ದೂ ಬಾಯ್ಮಾತಿನದ್ದೇ. ಮನಸ್ಸು ಬಂದಷ್ಟು ದಿನ ಅಕ್ಕಿ, ಬೆಲ್ಲ. ಮೌಂಟ್ ಲಾರೆಲ್‌ನ ಬಡವರು ಕೋರ್ಟಿಗೆ ಹೋಗಬೇಕಾಗಿ ಬಂದದ್ದೂ ಇದಕ್ಕೇ. ಒಳ್ಳೆಯತನ ಕೊಡುವವನ ಕೈಯಲ್ಲಿರುತ್ತದೆ, ಹಕ್ಕು ಪಡೆಯುವವನ ಕೈಯಲ್ಲಿರುತ್ತದೆ. ಕಮ್ಯೂನಿಟಿ ಅಂತ ಬ್ರೋಷರಿನಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಊರಾಗೋದಿಲ್ಲ. ನಮ್ಮನ್ನು ಇಲ್ಲಿಂದ ಎಬ್ಬಿಸೋಕೆ ಆಗಲ್ಲ ಅಂತ ಕಾಗದ ತೋರಿಸಿ ಹೇಳುವ ಧೈರ್ಯ, ಅಲ್ಲಿನ ತೀರಾ ಕೈಲಾಗದವರಿಗೂ ಇರಬೇಕು.

ಅಂದಹಾಗೆ, ನನ್ನ ನಿಜವಾದ ಧರ್ಮಸ್ಥಳ ಮರ್ರೇ ಹಿಲ್‌ನದ್ದೂ ಈಗ ಇದೇ ಕಥೆ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ, ಆಮೇಲೆ ಯುನಿಕ್ಸ್, ಸಿ ಹುಟ್ಟಿದ ಆ ಕ್ಯಾಂಪಸ್ಸನ್ನು ಬಿಟ್ಟು ನ್ಯೂ ಬ್ರನ್ಸ್‌ವಿಕ್‌ಗೆ ಹೋಗುವುದಾಗಿ ನೋಕಿಯಾ 2023ರ ಡಿಸೆಂಬರ್‌ನಲ್ಲೇ ಹೇಳಿದೆ. ಮೊದಲಿನ ನಾನಾಗಿದ್ದರೆ “ಅಯ್ಯೋ, ಹಾಗೇ ಉಳಿಸಿ” ಅಂತ ಪೋಸ್ಟ್ ಹಾಕುತ್ತಿದ್ದೆ. ಈಗ ಅಲ್ಲಿ ಏನು ಬಂದರೂ ನಾನು ಕೇಳೋದು ಒಂದೇ: ಯಾರಿಗೆ ಕಾಗದ ಸಿಗುತ್ತೆ?

ಮುಂದಿನ ವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋದಿದೆ. ಅಣ್ಣ ಇನ್ನೂ ಗೊಣಗುತ್ತಿದ್ದಾನೆ, “ಹತ್ತ್ ವರ್ಷ ಜಾಸ್ತಿ ಆಯ್ತು ಕಣ್ಲಾ” ಅಂತ. ಐದಕ್ಕೆ ಇಳಿಸೋಣ ಅಂತ ನನ್ನ ಮನಸ್ಸೂ ಒಂದೆರಡು ಸಲ ಹೇಳಿತು. ಸುಳ್ಳು ಯಾಕೆ ಹೇಳಲಿ. ಸ್ಟಾಂಪ್ ಪೇಪರ್ ಬರೆಯುವವನಿಗೆ ಹತ್ತು ಅಂತಲೇ ಹೇಳಿಬಂದಿದ್ದೀನಿ.